ಏಳದ ಕಲ್ಲು

ನನ್ನ ಅಕ್ಕನ ಅಂಗಡಿಯ ಒಂದು ಕೇಜಿಯ ತೂಕದ ಕಲ್ಲು ಕೂಗಿನ ಹೊತ್ತಿಗೆ ಏಳುವುದಿಲ್ಲ ಎಂಬ ದೂರು ಒಂದು ಮಂಗಳವಾರ ಬೆಳಿಗ್ಗೆ ನನ್ನ ಮೇಜಿಗೆ ಬಂತು. ಕೆಳಗೆ ನಲವತ್ತೊಂದು ಸಹಿ. ನಾನು ಮೊದಲು ಸಹಿಗಳನ್ನು ನೋಡಿದೆ, ದೂರನ್ನು ಆಮೇಲೆ ಓದಿದೆ. ನಾನು ಈ ಊರಿನ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು, ಹದಿನಾರು ವರ್ಷದಿಂದ ಇದೇ ಕೆಲಸ. ಕಾಗದದಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಯಾರು ಬರೆದರು, ಯಾಕೆ ಬರೆದರು ಅನ್ನುವುದೇ ನನಗೆ ಮುಖ್ಯ. ಏಳು ಸಹಿಗಳು ಒಂದೇ ಕೈಯವು ಎಂದು ನೋಡಿದ ಕೂಡಲೇ ಗೊತ್ತಾಯಿತು. ಆ ಏಳನ್ನು ಕಳೆದರೂ ಮೂವತ್ತನಾಲ್ಕು ಉಳಿದವು.

ನಮ್ಮೂರಿನ ಬಂಡೆಗುಡ್ಡದ ಮೇಲೆ ಒಂದು ಪ್ರಯೋಗಾಲಯ ಇದೆ. ಅಲ್ಲಿ ನೂರಹದಿನೈದನೆಯ ಮೂಲಧಾತುವನ್ನು ಮಾಡುತ್ತಾರೆ. ಅದನ್ನು ಅಗೆದು ತೆಗೆಯುವಂತಿಲ್ಲ, ಮಾಡಿಯೇ ತೀರಬೇಕು. ಭೂಮಿಯಲ್ಲಿ ಅದು ತಾನಾಗಿ ಎಲ್ಲೂ ಸಿಗುವುದಿಲ್ಲವಂತೆ. ಅಮೆರಿಸಿಯಂ ಎಂಬ ಲೋಹಕ್ಕೆ ಕ್ಯಾಲ್ಸಿಯಂ ಕಣಗಳನ್ನು ತಿಂಗಳುಗಟ್ಟಲೆ ಹೊಡೆಯುತ್ತಾರೆ. ಲೆಕ್ಕವಿಲ್ಲದಷ್ಟು ಏಟುಗಳಲ್ಲಿ ಎಲ್ಲೋ ಒಂದು ತಾಗಿ, ಅಂಟಿಕೊಂಡು, ಒಂದೇ ಒಂದು ಪರಮಾಣು ಹುಟ್ಟುತ್ತದೆ. ಹುಟ್ಟಿ ಒಂದು ಸೆಕೆಂಡು ತುಂಬುವ ಮೊದಲೇ ಒಡೆದು ಬೇರೇನೋ ಆಗಿಬಿಡುತ್ತದೆ. ಅದು ಹುಟ್ಟುವ ಮುಂಚೆ ಗುಡ್ಡದಿಂದ ಸೈರನ್ ಕೂಗುತ್ತದೆ. ಕೂಗು ನಿಂತ ಮೇಲೆ, ಆ ಪರಮಾಣು ಬದುಕಿರುವಷ್ಟು ಹೊತ್ತು, ಊರಿನಲ್ಲಿ ಯಾವುದಕ್ಕೂ ತೂಕ ಇರುವುದಿಲ್ಲ. ಚೊಂಬು, ಚಪ್ಪಲಿ, ಎಮ್ಮೆ, ಮನುಷ್ಯ, ಎಲ್ಲವೂ ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕೂತುಕೊಳ್ಳುತ್ತವೆ. ಪರಮಾಣು ಹುಟ್ಟುವ ಮೊದಲೇ ಅದು ಹುಟ್ಟುತ್ತದೆಂದು ಸೈರನ್ನಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಅಲ್ಲಿಯ ಡಾಕ್ಟರ್ ಸುಲಭಾ ಅವರನ್ನು ಕೇಳಿದ್ದೆ. ಅವರು ಚಹಾ ಕುಡಿದು ಮುಗಿಸಿ, ಈ ಸಲ ಬಿಸಿಲು ಜಾಸ್ತಿ ಎಂದರು. ನಾನು ಅದನ್ನು ಮರೆತಿಲ್ಲ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಗುಂಡುಕಲ್ಲು. ಕೂಗು ಕೇಳಿದರೆ ಕ್ಷೌರಿಕ ಕತ್ತಿಯನ್ನು ಗಲ್ಲದಿಂದ ದೂರ ಹಿಡಿಯುತ್ತಾನೆ, ಮುದುಕರು ಕಟ್ಟಿಸಿಕೊಂಡ ಹಲ್ಲನ್ನು ಕಚ್ಚಿ ಹಿಡಿಯುತ್ತಾರೆ. ಅಂಗಡಿಯವರು ತಕ್ಕಡಿಯ ದಂಡಿಗೆಗೆ ಕೊಂಡಿ ಹಾಕಬೇಕು, ಆ ಹೊತ್ತಿನಲ್ಲಿ ತೂಗಕೂಡದು. ಇದು ನನ್ನ ಇಲಾಖೆಯ ನಿಯಮ. ಊರಿನ ನಿಯಮ ಬೇರೆ ಇದೆ. ಕೂಗು ಕೇಳಿದಾಗ ನಿಮ್ಮ ಹತ್ತಿರ ಯಾರಿದ್ದಾರೋ ಅವರ ಎರಡೂ ಕೈಯನ್ನು ಹಿಡಿದುಕೊಳ್ಳಬೇಕು. ಗುರುತಿನವರೋ ಅಲ್ಲವೋ, ಆಗದವರೋ, ಕೋರ್ಟಿನಲ್ಲಿ ಎದುರುಬದುರು ನಿಂತವರೋ, ಅದೆಲ್ಲ ಆಮೇಲಿನ ಮಾತು. ಮೊದಲ ವರ್ಷ ಒಬ್ಬ ಮುದುಕಿ ಒಬ್ಬಳೇ ಎದ್ದು, ಒಬ್ಬಳೇ ಬಿದ್ದು, ಸೊಂಟ ಮುರಿದುಕೊಂಡಳು. ಅಂದಿನಿಂದ ಈ ಪದ್ಧತಿ. ಕೂಗು ಕೆಲವೊಮ್ಮೆ ವಾರಕ್ಕೆ ಮೂರು ಸಲ ಬರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದೇ ಇಲ್ಲ.

ನನಗೂ ಅಕ್ಕ ಹಾಲಮ್ಮನಿಗೂ ಮಾತು ನಿಂತು ಹನ್ನೊಂದು ವರ್ಷ. ಅವಳ ದಿನಸಿ ಅಂಗಡಿ ನನ್ನ ಕಚೇರಿಯ ಬೀದಿಯಲ್ಲೇ ಇದೆ. ಕೂಗಿನ ಹೊತ್ತಿನಲ್ಲಿ ಅವಳಿಗೆ ನಾನು, ನನಗೆ ಅವಳು ಹತ್ತಿರದವರಾಗದಂತೆ ಇಬ್ಬರೂ ಎಚ್ಚರದಿಂದ ಬದುಕಿದ್ದೆವು; ಅವಳು ಬರುವುದು ಕಂಡರೆ ನಾನು ರಸ್ತೆ ದಾಟುತ್ತಿದ್ದೆ, ನಾನು ಕಂಡರೆ ಅವಳು. ಒಂದು ಸಲ ಮಾತ್ರ, ಪಡಿತರದ ಸಾಲಿನಲ್ಲಿ, ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದೆವು. ನಾನು ಅವಳ ಸೆರಗಿನ ತುದಿ ಹಿಡಿದೆ. ಅವಳು ನನ್ನ ಚೀಲದ ಹಿಡಿ ಹಿಡಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು.

ಜಗಳ ಒಂದು ಲೋಹದ ಗಟ್ಟಿಗಾಗಿ. ನಮ್ಮಪ್ಪ ಉಜ್ಜಿನಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದ. ನನಗೆ ಎಂಟು, ಅಕ್ಕ ಹಾಲಿಗೆ ಹನ್ನೊಂದು ವರ್ಷ ಆಗಿದ್ದಾಗ ಒಂದು ಬೆಳಿಗ್ಗೆ ಅವನು ಕೆರೆಯ ಕಡೆಯಿಂದ ಬಂದು, ಧೋತರದ ತುದಿಯಿಂದ ಒಂದು ಲೋಹದ ಗಟ್ಟಿ ಬಿಚ್ಚಿ ತೋರಿಸಿದ. ದೊಡ್ಡ ನೇರಳೆಹಣ್ಣಿನಷ್ಟು ಇತ್ತು, ಬಣ್ಣ ಬೂದಿ, ಗಾತ್ರಕ್ಕಿಂತ ಭಾರ ಜಾಸ್ತಿ. ಕೆರೆಯ ದಂಡೆಯ ಮೇಲೆ ಗಾಳಿಯಲ್ಲಿ ಬಾಂಡಲಿ ಬೋರಲು ಹಾಕಿದಂಥ ಒಂದು ವಾಹನ ಸದ್ದಿಲ್ಲದೆ ನಿಂತಿತ್ತು, ಅದು ವಾಲಿಕೊಂಡಾಗ ಇದು ಬಿತ್ತು, ಕೆಳಗಿನ ಹುಲ್ಲು ಮಾತ್ರ ಬಾಗಲಿಲ್ಲ ಎಂದು ಹೇಳಿದ. ಇದೇ ನೂರಹದಿನೈದು, ಅವರ ಬಂಡಿಗೆ ಇದೇ ಸೌದೆ ಎಂದೂ ಹೇಳಿದ. ಮೊದಲ ಸಲ ಹೇಳುವಾಗ ಬಾಂಡಲಿಗೆ ಮೂರು ಕಿಟಕಿ ಇದ್ದವು. ದಸರೆಯ ಹೊತ್ತಿಗೆ ಐದಾದವು. ಮರುವರ್ಷ ಒಂಬತ್ತು. ನನ್ನ ಬದುಕಿನ ಮೊದಲ ಅನುಮಾನ ಅದು; ಕೆಲಸ ಆಮೇಲೆ ಸಿಕ್ಕಿತು, ಅನುಮಾನ ಮೊದಲೇ ಇತ್ತು.

ಗುಡ್ಡದ ಮೇಲೆ ಪ್ರಯೋಗಾಲಯ ಬಂದದ್ದೂ ಅದೇ ವರ್ಷ. ಅಲ್ಲಿಯ ಸಣ್ಣ ತಕ್ಕಡಿಗಳನ್ನು ಸರಿಮಾಡಲು ಅಪ್ಪ ವಾರಕ್ಕೊಮ್ಮೆ ಹೋಗುತ್ತಿದ್ದ. ಅಲ್ಲಿಯ ಗೋಡೆಗಳಿಗೆ ಸೀಸದ ಇಟ್ಟಿಗೆ ಜೋಡಿಸಿರುತ್ತಾರೆ. ಇಟ್ಟಿಗೆ ಅಂದಮೇಲೆ ಮೂಲೆ ಒಡೆಯುತ್ತದೆ. ನಾನು ದೊಡ್ಡವಳಾದಮೇಲೆ ಇದನ್ನು ಅಪ್ಪನ ಮುಂದೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸೀಸ ಸೀಸದ ಹಾಗೆ ಇರುತ್ತದೆ, ಇದು ಹಾಗಿಲ್ಲ ಎಂದಷ್ಟೇ ಹೇಳಿ ಗಟ್ಟಿಯನ್ನು ಹಲ್ಲುಪುಡಿ ಡಬ್ಬಿಯೊಳಗೆ ಇಟ್ಟ. ಆ ಡಬ್ಬಿಯೇ ಅದರ ಜಾಗ. ಚಿಕ್ಕಂದಿನಲ್ಲಿ ಅದು ಚಿನ್ನವೋ ಅಲ್ಲವೋ ನೋಡೋಣ ಎಂದು ನಾವಿಬ್ಬರೂ ಕದ್ದು ಕಚ್ಚಿದ್ದೆವು. ಮೆತ್ತಗಿತ್ತು. ಒಂದು ತುದಿಯಲ್ಲಿ ಅವಳ ಓರೆ ಹಲ್ಲಿನ ಗುರುತು, ಇನ್ನೊಂದು ತುದಿಯಲ್ಲಿ ನನ್ನ ಗುರುತು, ಅದರ ನಡುವೆ ನನ್ನ ಹಲ್ಲು ಬಿದ್ದಿದ್ದ ಜಾಗ ಖಾಲಿ. ಅಪ್ಪ ಇಬ್ಬರಿಗೂ ಒಂದೊಂದು ಏಟು ಕೊಟ್ಟ.

ಗಟ್ಟಿ ಆಕಾಶದಿಂದ ಬಿದ್ದದ್ದು ಎಂದು ಹಾಲಿ ನಂಬಿದ್ದಳು. ನಾನು ನಂಬಿರಲಿಲ್ಲ. ಆದರೂ ಅದು ನನಗೆ ಬೇಕಿತ್ತು. ಅಪ್ಪ ಒಂದು ಸಲ ನನ್ನನ್ನು ಹಿತ್ತಲಿಗೆ ಕರೆದು, ಅದು ನಿನಗೇ ಎಂದು ಮಾತು ಕೊಟ್ಟಿದ್ದ. ಅವನು ಇದ್ದಕ್ಕಿದ್ದಂತೆ, ಕೆಲಸದ ಮಣೆಯ ಮೇಲೇ ಎದೆ ಹಿಡಿದುಕೊಂಡು ಹೋದ. ಹನ್ನೊಂದನೆಯ ದಿನ ಡಬ್ಬಿ ತೆಗೆದರೆ ಒಳಗೆ ಏನೂ ಇರಲಿಲ್ಲ. ಡಬ್ಬಿ ಇದ್ದ ಕೋಣೆಯಲ್ಲಿ ಅಷ್ಟೂ ದಿನ ಮಲಗಿದ್ದವಳು ಹಾಲಿ. ನಾನು ನೆಂಟರಿಷ್ಟರ ಮುಂದೆಯೇ ಕೇಳಿದೆ. ಅವಳು ತಾನು ತೆಗೆದಿಲ್ಲ ಅನ್ನಲಿಲ್ಲ, ತೆಗೆದೆ ಅನ್ನಲೂ ಇಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು.

"ನಂಬದೋಳಿಗೆ ಗಟ್ಟಿ ಯಾಕೆ ಬೇಕೆ, ಕೊಟ್ರಿ?"

ಆ ಮಾತಿಗೆ ಉತ್ತರ ಇಲ್ಲದ್ದಕ್ಕೇ ಹನ್ನೊಂದು ವರ್ಷ ಮಾತು ಬಿಟ್ಟೆ ಅಂತ ಈಗ ಅನಿಸುತ್ತದೆ.

ದೂರು ಬರೆದವನು ವಿರೂಪಣ್ಣ, ನಿವೃತ್ತ ಡ್ರಾಯಿಂಗ್ ಮಾಸ್ತರು, ಊರಿನ ಹಾರುವ ತಟ್ಟೆ ಸಂಘದ ಅಧ್ಯಕ್ಷ. ಆ ಒಂದೇ ಕೈಯ ಏಳು ಸಹಿಗಳಲ್ಲಿ ಅಕ್ಷರದ ಬಾಲಗಳು ಚಿತ್ರದಂತೆ ಸುತ್ತಿದ್ದವು, ಬೇರೆ ಸಾಕ್ಷಿ ಬೇಕಿರಲಿಲ್ಲ. ಅವನನ್ನು ಕರೆಸಿ ಕೂರಿಸಿದೆ. ದೂರದ ದೇಶದ ಮರುಭೂಮಿಯಲ್ಲಿ ಒಬ್ಬ ಮನುಷ್ಯ ಬಹಳ ಹಿಂದೆಯೇ ಟೀವಿಯಲ್ಲಿ ಹೇಳಿದ್ದನಂತೆ: ಗುಡ್ಡದ ಹಿಂದೆ ಹಾರುವ ತಟ್ಟೆಗಳನ್ನು ಬಚ್ಚಿಟ್ಟಿದ್ದಾರೆ, ಅವು ನೂರಹದಿನೈದರ ಗಟ್ಟಿಯಿಂದಲೇ ಓಡುತ್ತವೆ, ಭೂಮಿಯ ಸೆಳೆತ ಅದರ ಮುಂದೆ ನಡೆಯುವುದಿಲ್ಲ. ಆಗಿನ್ನೂ ಯಾವ ದೇಶದ ವಿಜ್ಞಾನಿಯೂ ಅದನ್ನು ಮಾಡಿರಲಿಲ್ಲ ಎಂಬುದು ವಿರೂಪಣ್ಣನ ದೊಡ್ಡ ಸಾಕ್ಷಿ. ನೂರಹದಿನಾಲ್ಕು ಆದಮೇಲೆ ನೂರಹದಿನೈದು ಬರುತ್ತದೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು ಎಂದು ನಾನು ಹೇಳಿದೆ. ಅವನಿಗೆ ಅದು ಕೇಳಿಸಲಿಲ್ಲ.

ಡಾಕ್ಟರ್ ಸುಲಭಾ ನನಗೆ ಒಮ್ಮೆ ಹೇಳಿದ್ದರು: ಜಗತ್ತಿನಲ್ಲಿ ಇದುವರೆಗೆ ಮಾಡಿದ ಅಷ್ಟೂ ಪರಮಾಣುಗಳನ್ನು ಒಟ್ಟಿಗೆ ಇಟ್ಟರೂ, ಇಡಲು ಸಾಧ್ಯವಾದರೂ, ಯಾವ ತಕ್ಕಡಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಮಾಸ್ಕೋವಿಯಂ ಎಂದು ಹೆಸರಿಟ್ಟಿದ್ದೇ ನಿಮ್ಮ ತಂದೆ ತೀರಿಕೊಂಡ ಮರುವರ್ಷ. ಹೆಸರಿಡುವಷ್ಟು ಹೊತ್ತೂ ಅದು ಬದುಕುವುದಿಲ್ಲ, ಗಟ್ಟಿ ಎಲ್ಲಿಂದ ಬರಬೇಕು? ಇದನ್ನು ವಿರೂಪಣ್ಣನಿಗೆ ಹೇಳಿದರೆ, ಇವರ ಕೈಯಲ್ಲಿ ಉಳಿಯುವುದಿಲ್ಲ, ಅವರ ಕೈಯಲ್ಲಿ ಉಳಿಯುತ್ತದೆ ಅಂದ. ಹಾಲಮ್ಮನ ಕಲ್ಲು ಮಾತ್ರ ಯಾಕೆ ಏಳುವುದಿಲ್ಲ ಎಂದು ಕೇಳಿದೆ. ಯಜಮಾನ ಬಂದಾಗ ಆಳುಗಳು ಏಳುತ್ತಾರೆ, ಯಜಮಾನ ಏಳುತ್ತಾನೆಯೇ ಎಂದು ತಿರುಗಿ ನನ್ನನ್ನೇ ಕೇಳಿದ. ಕಲ್ಲಿನೊಳಗೆ ಉಜ್ಜಿನಪ್ಪನ ಗಟ್ಟಿ ಇದೆ, ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ ಎಂದು ಹೇಳಿ ಎದ್ದು ಹೋದ.

ಅವನ ಮಾತಿಗೆ ನಾನು ನಗಬೇಕಿತ್ತು. ನಗಲಿಲ್ಲ. ಕಬ್ಬಿಣದ ತೂಕದ ಕಲ್ಲಿನ ತಳದಲ್ಲಿ ಒಂದು ಕುಳಿ ಇರುತ್ತದೆ. ತೂಕ ಸರಿಮಾಡಲು ಅದಕ್ಕೆ ಸೀಸ ತುಂಬಿ ಬಡಿಯುತ್ತಾರೆ, ಆ ಸೀಸದ ಮೇಲೆ ನಾನು ಮುದ್ರೆ ಒತ್ತುತ್ತೇನೆ. ಏನಾದರೂ ಬಚ್ಚಿಡಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಪ್ಪ ಸಾಯುವ ಎರಡು ತಿಂಗಳು ಮುಂಚೆ ನಮ್ಮಿಬ್ಬರಿಗೂ ತಾನೇ ಸರಿಮಾಡಿದ ಒಂದೊಂದು ಕೇಜಿಯ ಕಲ್ಲು ಕೊಟ್ಟಿದ್ದ. ಇಟ್ಕೊಳ್ಳಿ, ಸರಿ ತೂಗ್ತವೆ ಎಂದಿದ್ದ. ಅವಳದು ಅಂಗಡಿಯಲ್ಲಿತ್ತು. ನನ್ನದು ಕಚೇರಿಯ ಮೇಜಿನ ಮೇಲೆ, ಕಾಗದ ಹಾರದಂತೆ ಇಡಲು. ನನ್ನ ಕಲ್ಲು ಪ್ರತಿ ಕೂಗಿಗೂ ಎದ್ದು ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳದು ಏಳುವುದಿಲ್ಲವಂತೆ. ಒಂದೇ ಕೈ ಮಾಡಿದ ಎರಡು ಕಲ್ಲು, ಒಂದು ಏಳುತ್ತದೆ, ಒಂದು ಏಳುವುದಿಲ್ಲ. ಡಬ್ಬಿಯಿಂದ ಗಟ್ಟಿ ತೆಗೆದವಳು ಅದನ್ನು ಎಲ್ಲಿ ಇಟ್ಟಿರಬೇಕು? ಎರಡು ವರ್ಷಕ್ಕೊಮ್ಮೆ ಆ ಕಲ್ಲು ಮುದ್ರೆಗೆ ನನ್ನ ಮುಂದೆ ಬಂದಿತ್ತು. ನನ್ನ ಕೈಯಿಂದಲೇ ಅದರ ಮೇಲೆ ಮುದ್ರೆ ಒತ್ತಿಸಿಕೊಂಡು ಹೋಗಿದ್ದಾಳೆ ಅನಿಸಿ ಮೈ ಉರಿಯಿತು.

ಕಲ್ಲಿನಲ್ಲಿ ಸೀಸವಲ್ಲದ್ದು ಸಿಕ್ಕರೆ ಅಂಗಡಿಯ ಪರವಾನಗಿ ರದ್ದಾಗುತ್ತದೆ, ಮತ್ತೆ ಎಂದೂ ಸಿಗುವುದಿಲ್ಲ. ಹಾಲಿಯ ಗಂಡ ತೀರಿಕೊಂಡ ಮೇಲೆ ಆ ಅಂಗಡಿ ಬಿಟ್ಟು ಅವಳಿಗೆ ಬೇರೆ ಏನೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಅಂಗಡಿ ಮುಚ್ಚಿದರೂ ಸರಿ, ಗಟ್ಟಿ ಸಿಗಲಿ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಮೈಲಾರಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಮೈಲಾರಿ ನನ್ನ ಕಚೇರಿಯ ಜವಾನ, ಐವತ್ತು ದಾಟಿದವನು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ. ಹಾಲಿ ಗಲ್ಲಾದ ಹಿಂದೆ ನಿಂತು ಬೆಲ್ಲದ ಅಚ್ಚು ಒಡೆಯುತ್ತಿದ್ದಳು. ನಾನು ಮೈಲಾರಿಗೆ ಹೇಳಿದೆ, ಅವನು ಅವಳಿಗೆ ಹೇಳಿದ. ಅವಳು ಅವನಿಗೆ ಹೇಳಿದಳು, ಅವನು ನನಗೆ ಹೇಳಿದ. ಮೂರು ಹೆಜ್ಜೆ ದೂರದಲ್ಲಿ ನಿಂತು ಹೀಗೆ ಮಾತಾಡಿದೆವು. ಕಲ್ಲು ಕೊಡಬೇಕಂತೆ. ತಗೊಂಡು ಹೋಗಲಂತೆ. ಶುಕ್ರವಾರ ಅವರ ಎದುರಿಗೇ ತೆರೆಯುತ್ತಾರಂತೆ, ಅಲ್ಲಿಯವರೆಗೆ ಅಂಗಡಿ ತೆರೆಯುವಂತಿಲ್ಲವಂತೆ. ಬರುತ್ತಾರಂತೆ. ಏನಾದರೂ ಹೇಳುವುದಿದೆಯೇ ಎಂದು ನಾನು ಕೇಳಿಸಲಿಲ್ಲ. ನಿಯಮದಲ್ಲಿ ಅದು ಕಡ್ಡಾಯವಲ್ಲ. ಮೈಲಾರಿ ಗಲ್ಲಾದ ಕಡೆ ಹೋಗಿ ಕಲ್ಲು ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ನಾನು ಅವರಿಗೆ ಬೆನ್ನು ಹಾಕಿ ನಿಂತು ಕದದ ಮುದ್ರೆಗೆ ಅರಗು ಕಾಯಿಸುತ್ತಿದ್ದೆ.

ಪರೀಕ್ಷೆಗೆ ಮುಂಚೆ ಕಲ್ಲು ತೊಳೆಯಬೇಕೆಂಬ ನಿಯಮ ಇದೆ. ಮೈಲಾರಿ ತೊಳೆದು ಒರೆಸಿ ತಂದಿಟ್ಟ. ತೂಗಿದೆ. ಸರಿಯಾಗಿ ಒಂದು ಕೇಜಿ, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಅದೇ ನನ್ನ ಅನುಮಾನವನ್ನು ಹೆಚ್ಚಿಸಿತು. ಹದಿನೈದು ಇಪ್ಪತ್ತು ವರ್ಷ ಅಂಗಡಿಯಲ್ಲಿ ತಿರುಗಾಡಿದ ಕಲ್ಲುಗಳು ಸವೆದಿರುತ್ತವೆ, ಹನ್ನೊಂದು ವರ್ಷಕ್ಕೂ ಸವೆಯಬೇಕಿತ್ತು. ಅದನ್ನು ನನ್ನ ಕಲ್ಲಿನ ಪಕ್ಕದಲ್ಲೇ ಇಟ್ಟುಕೊಂಡು ಕೂಗಿಗೆ ಕಾದೆ. ಕೂಗಿದರೆ ತಾನಾಗಿ ಗೊತ್ತಾಗುತ್ತಿತ್ತು. ಗುಡ್ಡ ಬುಧವಾರ ಕೂಗಲಿಲ್ಲ, ಗುರುವಾರ ಕೂಗಲಿಲ್ಲ. ವಿರೂಪಣ್ಣ ಎರಡು ಸಲ ಬಂದು ಕಿಟಕಿಯಿಂದ ಕಲ್ಲನ್ನು ನೋಡಿ ಕೈಮುಗಿದು ಹೋದ. ಗಟ್ಟಿ ಸಿಕ್ಕರೆ ಸಂಘದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆಂದು ಹೇಳಿಕೊಂಡು ತಿರುಗಿದ. ಆ ಪೆಟ್ಟಿಗೆಯ ಮಾತು ಕೇಳಿ ನನಗೆ ಸಂಕಟವಾಯಿತು. ನನ್ನ ಅಪ್ಪನ ಹಲ್ಲುಪುಡಿ ಡಬ್ಬಿಯ ಗಟ್ಟಿ ಯಾರದೋ ಗಾಜಿನ ಪೆಟ್ಟಿಗೆಗೆ ಹೋಗುತ್ತದೆ ಎಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಜಗಲಿ ತುಂಬ ಜನ. ಕಲ್ಲು ತೆರೆಯುವಾಗ ಒಳಗೆ ಕಲ್ಲಿನ ಒಡೆಯರು ಮತ್ತು ಇನ್‌ಸ್ಪೆಕ್ಟರು ಮಾತ್ರ ಇರಬೇಕು. ಮೈಲಾರಿಯನ್ನು ಬಾಗಿಲಿಗೆ ನಿಲ್ಲಿಸಿದೆ. ಹಾಲಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ, ಹಣೆಯ ಮೇಲೆಲ್ಲ ಗೆರೆ ಬಿದ್ದಿದ್ದವು. ನಾನು ಕಲ್ಲನ್ನು ಬೋರಲು ಮಾಡಿ ತಿರುಪಿನ ಹಿಡಿಕಟ್ಟಿಗೆ ಬಿಗಿದೆ. ಮೊದಲು ನನ್ನದೇ ಮುದ್ರೆಯನ್ನು ಉಳಿಯಿಂದ ಕೆತ್ತಿದೆ, ಆಮೇಲೆ ಸುತ್ತ ಕೊರೆದು, ಇಕ್ಕಳದಿಂದ ಹಿಡಿದು ಎಳೆದೆ. ಬೂದಿ ಬಣ್ಣದ ತುಂಡು ನಿಧಾನವಾಗಿ ಬಂತು. ಕುಳಿಯ ತಳದಲ್ಲಿ ಜೇನುಮೇಣ ಇತ್ತು. ತೂಕದ ಕಲ್ಲಿಗೆ ಯಾರೂ ಮೇಣ ಹಾಕುವುದಿಲ್ಲ. ಒಳಗಿನದು ಜಜ್ಜಿಹೋಗಬಾರದು ಎಂದು ಯಾರೋ ಮೆತ್ತೆ ಇಟ್ಟಿದ್ದರು.

ತುಂಡಿನ ಒಳಮುಖವನ್ನು ಸೆರಗಿನಿಂದ ಒರೆಸಿದೆ. ಹಲ್ಲಿನ ಗುರುತು. ಸಣ್ಣ ಹಲ್ಲುಗಳು, ನಡುವೆ ಒಂದರ ಜಾಗ ಖಾಲಿ.

ಹನ್ನೊಂದು ವರ್ಷ ನಾನು ಹೇಳಿದ್ದು ನಿಜವಾಗಿತ್ತು, ಗಟ್ಟಿ ಅವಳಲ್ಲೇ ಇತ್ತು. ನನಗೆ ಖುಷಿಯಾಗಬೇಕಿತ್ತು. ಹಾಲಿ ಮುಂದಕ್ಕೆ ಬಾಗಿ ನೋಡಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವಳ ಕಳೆ ಇರಲಿಲ್ಲ. ನನಗಿಂತ ಹೆಚ್ಚು ಬೆರಗಾಗಿದ್ದಳು. ಕಳ್ಳರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಇದು ಅದಲ್ಲ.

"ಇದು ನಿನ್ನ ಹಲ್ಲು," ಅಂದಳು. ಹನ್ನೊಂದು ವರ್ಷದ ಮೇಲೆ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಇದು. ಆಮೇಲೆ ತುಂಡನ್ನು ತಿರುಗಿಸಿ ನೋಡಿ, "ಅರ್ಧನೇ ಐತೆ. ಉಳಿದರ್ಧ ಎಲ್ಲಿ?" ಎಂದಳು.

ಇಬ್ಬರೂ ಒಟ್ಟಿಗೆ ನನ್ನ ಮೇಜಿನ ಮೇಲಿನ ಕಲ್ಲನ್ನು ನೋಡಿದೆವು. ಹನ್ನೊಂದು ವರ್ಷ ದೂರಿನ ಕಾಗದಗಳೆಲ್ಲ ಅದರ ಕೆಳಗೇ ಇದ್ದವು.

"ನಿಂದೂ ತೆಗಿ," ಅಂದಳು ಹಾಲಿ.

ಅದನ್ನು ತೆಗೆಯುವ ಅಧಿಕಾರ ನನಗೆ ಇರಲಿಲ್ಲ. ಅದರ ಮೇಲೆ ಯಾವ ದೂರೂ ಇರಲಿಲ್ಲ. ತೆಗೆದೆ. ಅದೇ ಬೂದಿ ಬಣ್ಣ, ಅದೇ ಮೇಣ, ಒಳಮುಖದಲ್ಲಿ ಒಂದು ಓರೆ ಹಲ್ಲಿನ ಗುರುತು. ಎರಡು ತುಂಡನ್ನೂ ಮೇಜಿನ ಮೇಲೆ ಜೋಡಿಸಿದೆ. ಬಡಿದು ಆಕಾರ ಕೆಟ್ಟಿದ್ದರೂ ಉಳಿಯಿಂದ ಕತ್ತರಿಸಿದ ಅಂಚು ಒಂದಕ್ಕೊಂದು ಕೂತಿತು. ನನ್ನ ಹಲ್ಲಿನ ಅರ್ಧ ಅವಳಿಗೆ, ಅವಳ ಹಲ್ಲಿನ ಅರ್ಧ ನನಗೆ. ಅಪ್ಪ ಬೇಕೆಂದೇ ಹಾಗೆ ಮಾಡಿದನೋ, ಕಣ್ಣು ಮಂಜಾಗಿ ಅದಲುಬದಲು ಮಾಡಿದನೋ, ಹೇಳುವವರಿಲ್ಲ.

ಅಪ್ಪ ನನಗೇ ಕೊಡುತ್ತೇನೆ ಅಂದಿದ್ದ ಎಂದು ನಾನು ಮೆಲ್ಲಗೆ ಹೇಳಿದೆ. ಹಾಲಿಗೆ ಹೇಳಬೇಡ ಅಂದಿದ್ದ, ಅದಕ್ಕೇ ಹೇಳಿರಲಿಲ್ಲ.

"ನನಗೂ ಹಂಗೇ ಅಂದಿದ್ದ," ಅಂದಳು ಹಾಲಿ. "ಹಿತ್ತಲಾಗೆ ಕರೆದು. ಕೊಟ್ರಿಗೆ ಹೇಳ್ಬ್ಯಾಡ ಅಂತ. ಡಬ್ಬಿ ಖಾಲಿ ಕಂಡಾಗ ನೀನೇ ತಗಂಡೀಯ ಅಂದ್ಕಂಡೆ. ನೀನು ಎಲ್ರ ಮುಂದೆ ನನ್ನೇ ಕೇಳಿದಾಗ, ಕದ್ದೋಳೇ ಕೂಗಾಡ್ತಾಳೆ ಅಂದ್ಕಂಡು ಸುಮ್ನಾದೆ."

ಅಪ್ಪನಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಮೂರು ಕಿಟಕಿ ಸಾಲದು ಅನಿಸಿದರೆ ಒಂಬತ್ತು ಮಾಡಿಕೊಡುವವನು ಅವನು. ಇಬ್ಬರಿಗೂ ಹೂಂ ಅಂದುಬಿಟ್ಟು, ಆಮೇಲೆ ದಾರಿ ಕಾಣದೆ, ಗಟ್ಟಿಯನ್ನು ಎರಡು ಮಾಡಿ ಬಡಿದು ಕೂರಿಸಿದ್ದ. ಎಂದಾದರೂ ಹೇಳೋಣ ಎಂದುಕೊಂಡಿರಬೇಕು. ನಾನು ಅತ್ತೆ. ಕಚೇರಿಯಲ್ಲಿ ಅತ್ತದ್ದು ಅದೊಂದೇ ಸಲ. ಹಾಲಿ ಅಳಲಿಲ್ಲ, ನನ್ನ ಮೇಜಿನ ಮೇಲಿನ ನೀರಿನ ಲೋಟ ನನ್ನ ಕಡೆ ಸರಿಸಿದಳು.

ಅಳು ನಿಂತಮೇಲೆ ನನಗೆ ಇನ್ನೊಂದು ಅನುಮಾನ ಬಂತು. ನನ್ನ ಕಲ್ಲೂ ಅರ್ಧ, ಅವಳ ಕಲ್ಲೂ ಅರ್ಧ. ಹಾಗಾದರೆ ನನ್ನದು ಏಳುವಾಗ ಅವಳದು ಯಾಕೆ ಏಳುವುದಿಲ್ಲ? ಕೇಳಿದೆ. ಹಾಲಿ ನನ್ನನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು.

"ಬೆಲ್ಲ ಕಣೆ," ಅಂದಳು. "ಬ್ಯಾಸಿಗೆಯಾಗೆ ಕರಗಿ ತಕ್ಕಡಿ ಪರಡಿಗೆ ಅಂಟ್ಕಂತದೆ. ಬೆಲ್ಲ ಹತ್ತಿದ್ ಕಲ್ಲು ಹೆಂಗ್ ಏಳ್ತದೆ? ಮೂರು ತಿಂಗಳಿಂದ ತೊಳಿಬೇಕು ತೊಳಿಬೇಕು ಅಂತಿದ್ದೆ."

ಇದನ್ನು ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಅಂದೆ. ನೀನು ಕೇಳಲಿಲ್ಲ ಅಂದಳು. ನಾನು ಬಾಗಿಲಿನ ಮೈಲಾರಿಯನ್ನು ಒಳಗೆ ಕರೆದು, ಕಲ್ಲು ತರುವಾಗ ಹೇಗಿತ್ತು ಎಂದು ಕೇಳಿದೆ. ತಕ್ಕಡಿಯ ಪರಡಿಯಿಂದ ಕೀಳಲು ಬರಲಿಲ್ಲ, ಸಟ್ಟುಗದಿಂದ ಮೀಟಿ ತೆಗೆದೆ, ತಳಕ್ಕೆ ಗಟ್ಟಿ ಬೆಲ್ಲ ಹತ್ತಿತ್ತು, ಇರುವೆಗಳೂ ಇದ್ದವು, ಬಿಸಿನೀರು ಹಾಕಿ ತೊಳೆದೆ ಎಂದ. ಮೂರು ದಿನ ಯಾಕೆ ಬಾಯಿಬಿಡಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದು ಅವನೂ ಹೇಳಿದ. ಸವೆಯದ ತೂಕದ ಗುಟ್ಟೂ ಅಲ್ಲೇ ಇತ್ತು: ಕಲ್ಲು ಮೂರು ತಿಂಗಳಿಂದ ಎತ್ತದೆ ಪರಡಿಯಲ್ಲೇ ಕೂತಿತ್ತು, ಅದಕ್ಕೆ ಮುಂಚೆ ಹಾಲಿ ಅದನ್ನು ಅಪ್ಪನ ವಸ್ತು ಎಂದು ಬಟ್ಟೆಯಲ್ಲಿ ಸುತ್ತಿ ಇಟ್ಟು, ಬೇರೆ ಕಲ್ಲಿನಲ್ಲಿ ತೂಗುತ್ತಿದ್ದಳಂತೆ. ಮೈಲಾರಿಯನ್ನು ಮತ್ತೆ ಬಾಗಿಲಿಗೆ ಕಳಿಸಿದೆ.

ಇನ್ನು ವರದಿ ಬರೆಯಬೇಕು. ಹೊರಗೆ ವಿರೂಪಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ಕುಳಿಯಲ್ಲಿ ಸಿಕ್ಕದ್ದು ಸೀಸ ಎಂದು ಬರೆದರೆ ಹಾಲಿಯ ಅಂಗಡಿ ಉಳಿಯುತ್ತದೆ. ಸೀಸವೋ ಅಲ್ಲವೋ ಖಚಿತವಾಗಬೇಕಾದರೆ ತುಂಡುಗಳನ್ನು ಗುಡ್ಡಕ್ಕೆ ಕಳಿಸಬೇಕು. ನಿಯಮ ಹಾಗೇ ಹೇಳುತ್ತದೆ: ಸಂಶಯವಿದ್ದಲ್ಲಿ ಪರೀಕ್ಷೆಗೆ ಕಳಿಸತಕ್ಕದ್ದು. ಹದಿನಾರು ವರ್ಷದಲ್ಲಿ ನನಗೆ ಸಂಶಯವಿಲ್ಲದ ವಸ್ತು ಒಂದೂ ನನ್ನ ಮೇಜಿಗೆ ಬಂದಿಲ್ಲ. ಪೆನ್ನು ತೆಗೆದು, ಸೀಸ, ಸಂಶಯವಿಲ್ಲ ಎಂದು ಬರೆದು ಸಹಿ ಮಾಡಿದೆ. ಹಾಲಿ ಅದನ್ನು ತಲೆಕೆಳಗಾಗಿ ಓದಿದಳು.

"ಆಕಾಶದ್ದು ಕಣೆ ಅದು," ಅಂದಳು. ಇಟ್ಟಿಗೆಯ ಮೂಲೆಯದು ಎಂದು ನಾನು ಹೇಳಬಹುದಿತ್ತು. ಪೆನ್ನಿನ ಮುಚ್ಚಳ ಹಾಕಿದೆ.

ಅಷ್ಟರಲ್ಲಿ ಗುಡ್ಡ ಕೂಗಿತು.

ಹೊರಗೆ ಜಗಲಿಯಲ್ಲಿ ನಲವತ್ತು ಜನ ಒಬ್ಬರಿಗೊಬ್ಬರು ಕೈ ಹಿಡಿಯುವ 'ಸರಸರ' ಸದ್ದು. ಒಳಗೆ ನಾವಿಬ್ಬರೇ. ಮೇಜಿನ ಮೇಲೆ ಅಪ್ಪನ ಗಟ್ಟಿಯ ಎರಡು ತುಂಡು, ಬರಿಯ ತುಂಡು, ಎತ್ತಲು ಕಲ್ಲಿಲ್ಲ, ಹಿಡಿಯಲು ಬೆಲ್ಲವಿಲ್ಲ. ಇನ್ನೆರಡು ಕ್ಷಣದಲ್ಲಿ ಅವು ಏಳುತ್ತವೋ ಇಲ್ಲವೋ ಗೊತ್ತಾಗುತ್ತಿತ್ತು. ಅಪ್ಪ ಹೇಳಿದ್ದು ನಿಜವೋ ಸುಳ್ಳೋ, ಮೂವತ್ತೆರಡು ವರ್ಷ ನಾನು ಕಾದದ್ದು ಅದಕ್ಕೇ. ನಾನು ಕಣ್ಣನ್ನು ಮೇಜಿನ ಮೇಲೇ ನೆಟ್ಟಿದ್ದೆ. ಹಾಲಿ ಮೇಜಿನ ಆಚೆಯಿಂದ ಎರಡೂ ಕೈ ಚಾಚಿದಳು. ಅಂಗೈಯಲ್ಲಿ ಬೆಲ್ಲ ಒಡೆದು ಒಡೆದು ಬಂದ ಗಂಟುಗಳಿದ್ದವು. ಹಿಡಿದೆ. ಕೂಗು ನಿಂತಿತು. ಕುರ್ಚಿ, ಕಡತ, ಇಕ್ಕಳ, ನೀರಿನ ಲೋಟ, ನಾವಿಬ್ಬರು, ಎಲ್ಲ ಎದ್ದೆವು. ಆ ಒಂದು ಸೆಕೆಂಡೂ ಅಲ್ಲದ ಹೊತ್ತಿನಲ್ಲಿ ನಾನು ಅವಳ ಮುಖ ನೋಡಿದೆ. ಬೇರೆ ಏನನ್ನೂ ನೋಡಲಿಲ್ಲ.

ಕೂತಾದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಆಮೇಲೆ ನಾನು ಮೇಜು ನೋಡಿದೆ. ತುಂಡುಗಳು ಇದ್ದ ಜಾಗದಲ್ಲೇ ಇದ್ದವು. ಎದ್ದು ಕೂತರೂ ಅಲ್ಲೇ ಇರುತ್ತವೆ, ಏಳದಿದ್ದರೂ ಅಲ್ಲೇ. ನೀನು ನೋಡಿದೆಯಾ ಎಂದು ಹಾಲಿಯನ್ನು ಕೇಳಿದೆ. ಇಲ್ಲ ಅಂದಳು. ನಾನು ಅದೇ ಮಧ್ಯಾಹ್ನ ತುಂಡುಗಳನ್ನು ಅವವೇ ಕಲ್ಲುಗಳಿಗೆ ಮೇಣದ ಸಮೇತ ಬಡಿದು ಕೂರಿಸಿ ಮುದ್ರೆ ಒತ್ತಿದೆ; ನನ್ನ ಹಲ್ಲು ಅವಳ ಹತ್ತಿರವೇ ಇರಲಿ, ಅವಳದು ನನ್ನ ಹತ್ತಿರ. ವಿರೂಪಣ್ಣ ವರದಿ ಓದಿ, ಸರ್ಕಾರ ಮುಚ್ಚಿಟ್ಟಿತು ಎಂದು ಸಂಘದ ಗೋಡೆಯ ಮೇಲೆ ಬರೆಸಿದ. ಈಗ ಕೂಗು ಕೇಳಿದರೆ ನಾನು ರಸ್ತೆ ದಾಟಿ ಅಂಗಡಿಗೆ ಹೋಗುತ್ತೇನೆ, ಇಲ್ಲವೇ ಅವಳೇ ಬರುತ್ತಾಳೆ. ಆ ದಿನದ ಬಗ್ಗೆ ಎಷ್ಟು ಸಲ ಕೇಳಿದರೂ ಹಾಲಿ ಅದೇ ಉತ್ತರ ಕೊಡುತ್ತಾಳೆ: ನಾನೂ ನಿನ್ನ ಮುಖಾನೇ ನೋಡ್ತಿದ್ದೆ. ಹೇಳುವಾಗ ತುಟಿಯ ಮೂಲೆಯಲ್ಲಿ ನಗುತ್ತಾಳೆ. ಅವಳು ನೋಡಿದ್ದಾಳೆ ಎಂದು ನನಗೆ ಈಗಲೂ ಅನುಮಾನ.